ಎರಡು ದಿನದ ತರಬೇತಿ, ಇಡೀ ವರ್ಷದ ತರಗತಿ: ಜಪಾನಿನ ವಿದೇಶಿ ಇಂಗ್ಲಿಷ್ ಶಿಕ್ಷಕರ ಪಾಡು

ಇಂಗ್ಲಿಷ್ ಬಲ್ಲವರೆಲ್ಲರೂ ಇಂಗ್ಲಿಷ್ ಕಲಿಸಬಲ್ಲರೆ? ಮೇಲ್ನೋಟಕ್ಕೆ ಸರಳವಾಗಿ ಕಾಣುವ ಈ ಪ್ರಶ್ನೆಗೆ ಜಪಾನ್ ಸರ್ಕಾರ ಸುಮಾರು ನಾಲ್ಕು ದಶಕಗಳಿಂದ ಉತ್ತರ ಹುಡುಕುತ್ತಿದೆ. ಅಲ್ಲಿನ ಸರ್ಕಾರಿ ಶಾಲೆಗಳಿಗೆ ವಿದೇಶಿ ಯುವಪದವೀಧರರನ್ನು ಕರೆತರುವ ‘ಜೆಟ್’ ಯೋಜನೆ 1987ರಲ್ಲಿ ಆರಂಭವಾಯಿತು. ಮೊದಲ ವರ್ಷ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಎಂಬ ನಾಲ್ಕೇ ದೇಶಗಳಿಂದ 848 ಮಂದಿ ಬಂದಿದ್ದರು. 2002ರಲ್ಲಿ ಈ ಸಂಖ್ಯೆ 6,273ಕ್ಕೆ ಏರಿತ್ತು. 2019ರಲ್ಲಿ 57 ದೇಶಗಳ 5,761 ಮಂದಿ ಯೋಜನೆಯಡಿ ದುಡಿಯುತ್ತಿದ್ದರು. ಇವರಲ್ಲಿ ಶೇ. 90ಕ್ಕೂ ಹೆಚ್ಚು ಜನ ‘ಸಹಾಯಕ ಭಾಷಾ ಶಿಕ್ಷಕರು’.

ಜಗತ್ತಿನಲ್ಲಿ ಇಷ್ಟು ದೀರ್ಘಕಾಲ, ಇಷ್ಟು ದೊಡ್ಡ ಪ್ರಮಾಣದಲ್ಲಿ ನಡೆದುಬಂದ ಇಂತಹ ಸರ್ಕಾರಿ ಯೋಜನೆಗಳು ವಿರಳ. ಆದರೂ ಯೋಜನೆಯ ಒಂದು ಕೊಂಡಿ ಮೊದಲಿನಿಂದಲೂ ಸಡಿಲವಾಗಿಯೇ ಉಳಿದಿದೆ. ಬಂದವರನ್ನು ತರಗತಿಗೆ ಕಳುಹಿಸುವ ಮುನ್ನ ನೀಡುವ ಪರಿಚಯ ತರಬೇತಿಯೇ ಆ ಕೊಂಡಿ. ಅದರ ಅವಧಿ ಸಾಲದು ಎಂಬ ದೂರು ಹಳೆಯದು. ಆದರೆ ಸಮಸ್ಯೆ ಇರುವುದು ಕೇವಲ ಅವಧಿಯಲ್ಲೇ, ಅಥವಾ ತರಬೇತಿ ಯಾರಿಗೆ, ಯಾವಾಗ, ಯಾವುದರ ಬಗ್ಗೆ ಎಂಬ ಲೆಕ್ಕಾಚಾರದಲ್ಲೇ ಎಂಬುದನ್ನು ಪರಿಶೀಲಿಸಬೇಕಾಗಿದೆ.

ವ್ಯವಸ್ಥೆ ಹೇಗಿದೆ?

ಯೋಜನೆಗೆ ಮೂರು ಸಚಿವಾಲಯಗಳ ಹೊಣೆಯಿದೆ: ಆಂತರಿಕ ವ್ಯವಹಾರ, ವಿದೇಶಾಂಗ ಮತ್ತು ಶಿಕ್ಷಣ. ದಿನನಿತ್ಯದ ನಿರ್ವಹಣೆಯನ್ನು ಸ್ಥಳೀಯ ಸಂಸ್ಥೆಗಳ ಅಂತರರಾಷ್ಟ್ರೀಯ ಸಂಪರ್ಕ ಮಂಡಳಿಯಾದ ‘ಕ್ಲೇರ್’ ನೋಡಿಕೊಳ್ಳುತ್ತದೆ. ಆದರೆ ಶಿಕ್ಷಕರನ್ನು ನೇಮಿಸಿಕೊಂಡು ಸಂಬಳ ನೀಡುವುದು ಆಯಾ ಪ್ರಾಂತ, ನಗರ ಅಥವಾ ಪಟ್ಟಣದ ಶಿಕ್ಷಣ ಮಂಡಳಿ. ಒಪ್ಪಂದ ಒಂದು ವರ್ಷದ್ದು. ಗರಿಷ್ಠ ಐದು ವರ್ಷದವರೆಗೆ ನವೀಕರಿಸಬಹುದು. ಅರ್ಜಿ ಹಾಕಲು ಯಾವುದೇ ವಿಷಯದಲ್ಲಿ ಪದವಿ ಇದ್ದರೆ ಸಾಕು. ಶಿಕ್ಷಕ ತರಬೇತಿಯಾಗಲಿ, ಬೋಧನೆಯ ಅನುಭವವಾಗಲಿ ಕಡ್ಡಾಯವಲ್ಲ.

ಆಯ್ಕೆಯಾದವರಿಗೆ ಮೊದಲು ತಮ್ಮ ದೇಶದಲ್ಲಿರುವ ಜಪಾನ್ ರಾಯಭಾರ ಕಚೇರಿ ಅಥವಾ ದೂತಾವಾಸದಲ್ಲಿ ಮಾಹಿತಿ ಸಭೆ ನಡೆಯುತ್ತದೆ. ಜುಲೈ ಕೊನೆ ಅಥವಾ ಆಗಸ್ಟ್ ಆರಂಭದಲ್ಲಿ ಬಹುಪಾಲು ಮಂದಿ ತಂಡಗಳಾಗಿ ಟೋಕಿಯೊಗೆ ಬಂದಿಳಿಯುತ್ತಾರೆ. ಅಲ್ಲಿ ಎರಡು ದಿನಗಳ ಓರಿಯೆಂಟೇಷನ್. ಭಾಷಣಗಳು, ಬೋಧನೆಯ ಬಗ್ಗೆ ಕಾರ್ಯಾಗಾರಗಳು, ಜಪಾನಿನ ಕಚೇರಿ ಶಿಷ್ಟಾಚಾರದ ಪರಿಚಯ, ಹಿರಿಯ ಸಹಾಯಕ ಶಿಕ್ಷಕರ ಅನುಭವ ಕಥನ ಎಲ್ಲವೂ ಈ ಎರಡು ದಿನಗಳಲ್ಲೇ ಮುಗಿಯಬೇಕು. ಮರುದಿನ ಬಸ್ಸು, ರೈಲು ಅಥವಾ ವಿಮಾನದಲ್ಲಿ ತಮ್ಮ ತಮ್ಮ ಪ್ರಾಂತಗಳಿಗೆ ಪಯಣ. ನಂತರ ಪ್ರಾಂತದ ಮಟ್ಟದಲ್ಲಿ ಮತ್ತೊಂದು ಸಣ್ಣ ತರಬೇತಿ, ವರ್ಷದ ನಡುವೆ ಒಂದು ಕೌಶಲಾಭಿವೃದ್ಧಿ ಸಮಾವೇಶ. ಕೋವಿಡ್ ಕಾಲದಲ್ಲಿ ಟೋಕಿಯೊ ತರಬೇತಿ ಆನ್‌ಲೈನ್‌ಗೆ ಸ್ಥಳಾಂತರಗೊಂಡು, ಆನಂತರ ಮತ್ತೆ ಮುಖಾಮುಖಿಯಾಗಿ ನಡೆಯತೊಡಗಿತು.

ಕಾಗದದ ಮೇಲೆ ಈ ಮೆಟ್ಟಿಲುಗಳು ಕ್ರಮಬದ್ಧವಾಗಿಯೇ ಕಾಣುತ್ತವೆ. ಅವುಗಳನ್ನು ಹತ್ತುವವರ ಸ್ಥಿತಿ ಬೇರೆ. ಹತ್ತು-ಹದಿಮೂರು ಗಂಟೆ ವಿಮಾನದಲ್ಲಿ ಕುಳಿತು, ಹಗಲು-ರಾತ್ರಿಯ ಲೆಕ್ಕ ತಪ್ಪಿ ಬಂದ ಇಪ್ಪತ್ತೆರಡರ ಹರೆಯದವರಿಗೆ ಜನ ತುಂಬಿದ ಸಭಾಂಗಣದಲ್ಲಿ ಹೇಳುವ ಮಾತು ಎಷ್ಟು ತಲುಪೀತು? ಅದಕ್ಕಿಂತ ಮುಖ್ಯವಾಗಿ, ತಾನು ಕಲಿಸಬೇಕಾದ ಮಕ್ಕಳ ಮುಖವನ್ನಾಗಲಿ, ಪಠ್ಯಪುಸ್ತಕವನ್ನಾಗಲಿ ಇನ್ನೂ ಕಂಡಿರದವರಿಗೆ ಬೋಧನಾ ಕ್ರಮದ ಉಪನ್ಯಾಸ ಯಾವ ಗೂಟಕ್ಕೆ ತಗುಲಿ ನಿಲ್ಲಬೇಕು?

‘ಎಲ್ಲರ ಪರಿಸ್ಥಿತಿಯೂ ಬೇರೆ ಬೇರೆ’

ಯೋಜನೆಯ ವಲಯದಲ್ಲಿ ಎಲ್ಲರ ಬಾಯಲ್ಲೂ ಇರುವ ಒಂದು ಮಾತಿದೆ: ‘ಎವ್ರಿ ಸಿಚುಯೇಷನ್ ಈಸ್ ಡಿಫರೆಂಟ್’. ಅಂದರೆ, ಒಬ್ಬೊಬ್ಬರ ಪರಿಸ್ಥಿತಿ ಒಂದೊಂದು ಬಗೆ. ಹೊಸಬರು ಯಾವ ಪ್ರಶ್ನೆ ಕೇಳಿದರೂ ದೊರೆಯುವ ಮೊದಲ ಉತ್ತರ ಇದೇ. ಈ ಮಾತಿನಲ್ಲಿ ಸುಳ್ಳಿಲ್ಲ. ಒಬ್ಬರು ನಗರದ ಒಂದೇ ಪ್ರೌಢಶಾಲೆಯಲ್ಲಿ ವರ್ಷವಿಡೀ ಇರುತ್ತಾರೆ. ಇನ್ನೊಬ್ಬರು ಗುಡ್ಡಗಾಡಿನ ಅಥವಾ ದ್ವೀಪದ ಹಲವು ಶಾಲೆಗಳಿಗೆ ಸರದಿಯ ಮೇಲೆ ಅಲೆಯುತ್ತಾರೆ. ಒಬ್ಬರ ಜತೆಗಾರ ಶಿಕ್ಷಕರು ಇಂಗ್ಲಿಷ್‌ನಲ್ಲಿ ನಿರರ್ಗಳ. ಇನ್ನೊಬ್ಬರ ಕಚೇರಿಯಲ್ಲಿ ಇಂಗ್ಲಿಷ್ ಬಲ್ಲವರೇ ಇಲ್ಲ. ಕೆಲವರಿಗೆ ಇಡೀ ಪಾಠದ ಯೋಜನೆಯೇ ಹೆಗಲಿಗೆ ಬಿದ್ದರೆ, ಕೆಲವರ ಪಾಲಿಗೆ ಪಠ್ಯದ ಸಾಲುಗಳನ್ನು ಗಟ್ಟಿಯಾಗಿ ಓದಿ ಹೇಳುವ ಕೆಲಸ ಮಾತ್ರ. ಈ ಎರಡನೆಯ ಗುಂಪಿನವರು ತಮ್ಮನ್ನು ತಾವೇ ‘ಮಾನವ ಟೇಪ್ ರೆಕಾರ್ಡರ್’ ಎಂದು ಕರೆದುಕೊಂಡು ನಗುವುದುಂಟು. ಆ ನಗೆಯಲ್ಲಿ ಬೇಸರವೂ ಬೆರೆತಿದೆ.

ಆದರೆ ಪರಿಸ್ಥಿತಿ ಬೇರೆ ಬೇರೆ ಎಂಬುದು ಸಾಮಾನ್ಯ ತರಬೇತಿಯನ್ನೇ ಎಲ್ಲರಿಗೂ ಹಂಚುವುದಕ್ಕೆ ಸಮರ್ಥನೆ ಆಗಲಾರದು. ಅದು ಬೇರೆ ಬೇರೆ ತರಬೇತಿ ಬೇಕೆಂಬುದಕ್ಕೆ ಕಾರಣ. ಪ್ರಾಥಮಿಕ ಶಾಲೆಗೆ ಹೋಗುವವರು, ಮಾಧ್ಯಮಿಕ ಶಾಲೆಗೆ ಹೋಗುವವರು, ಪ್ರೌಢಶಾಲೆಗೆ ಹೋಗುವವರು ಎದುರಿಸುವ ತರಗತಿಗಳು ಒಂದೇ ತೆರನಲ್ಲ ಎಂಬುದು ನೇಮಕಾತಿ ಹಂತದಲ್ಲೇ ಗೊತ್ತಿರುವ ಸಂಗತಿ. ಗೊತ್ತಿರುವ ವ್ಯತ್ಯಾಸವನ್ನೂ ಗೊತ್ತಿಲ್ಲದ ವ್ಯತ್ಯಾಸದ ಲೆಕ್ಕಕ್ಕೆ ಸೇರಿಸುವುದು ಸಿದ್ಧತೆಯ ಹೊಣೆಯಿಂದ ನುಣುಚಿಕೊಳ್ಳುವ ಹಾದಿಯಾಗುತ್ತದೆ.

ಉದ್ದೇಶದಲ್ಲೇ ದ್ವಂದ್ವ

ಈ ಸಡಿಲಿಕೆಗೆ ಮೂಲ ಎಲ್ಲಿದೆ? ಅದು ಯೋಜನೆಯ ಹುಟ್ಟಿನಲ್ಲೇ ಇದೆ ಎನ್ನಬಹುದು. ಎಂಬತ್ತರ ದಶಕದಲ್ಲಿ ಜಪಾನ್ ಮತ್ತು ಅಮೆರಿಕ ನಡುವೆ ವ್ಯಾಪಾರ ತಿಕ್ಕಾಟ ತೀವ್ರವಾಗಿತ್ತು. ಜಪಾನ್ ಹೊರಜಗತ್ತಿಗೆ ಬಾಗಿಲು ತೆರೆಯುತ್ತಿಲ್ಲ ಎಂಬ ಟೀಕೆಗೆ ಉತ್ತರವಾಗಿ, ಹಳ್ಳಿ-ಪಟ್ಟಣಗಳ ಮಟ್ಟದಲ್ಲಿ ‘ಅಂತರರಾಷ್ಟ್ರೀಕರಣ’ ಸಾಧಿಸುವ ಮಾತು ಕೇಳಿಬಂತು. ಪ್ರಧಾನಿ ನಾಕಸೊನೆ ಅವರ ಅವಧಿಯಲ್ಲಿ ಯೋಜನೆ ರೂಪುಗೊಂಡದ್ದು ಈ ಹಿನ್ನೆಲೆಯಲ್ಲಿ. ಅಮೆರಿಕದ ಮಾನವಶಾಸ್ತ್ರಜ್ಞ ಡೇವಿಡ್ ಮೆಕ್‌ಕಾನೆಲ್ ಅವರು 2000ದಲ್ಲಿ ಪ್ರಕಟಿಸಿದ ‘ಇಂಪೋರ್ಟಿಂಗ್ ಡೈವರ್ಸಿಟಿ’ ಕೃತಿ ಯೋಜನೆಯ ಒಳಹೊರಗನ್ನು ಈ ನೋಟದಿಂದಲೇ ಪರಿಶೀಲಿಸಿದೆ.

ಹೀಗಾಗಿ ಬಂದವರು ಏಕಕಾಲಕ್ಕೆ ಎರಡು ಪಾತ್ರ ವಹಿಸಬೇಕಾಯಿತು. ಒಂದು, ತಮ್ಮ ದೇಶದ ಸಾಂಸ್ಕೃತಿಕ ಪ್ರತಿನಿಧಿ. ಇನ್ನೊಂದು, ಇಂಗ್ಲಿಷ್ ಶಿಕ್ಷಕ. ಮೊದಲ ಪಾತ್ರಕ್ಕೆ ಸ್ನೇಹಶೀಲ ಸ್ವಭಾವ, ಕುತೂಹಲ ಇದ್ದರೆ ನಡೆದೀತು. ಎರಡನೆಯದಕ್ಕೆ ಕಸುಬು ಬೇಕು. ಮೂವತ್ತೈದು-ನಲವತ್ತು ಮಕ್ಕಳ ತರಗತಿಯಲ್ಲಿ ಹಿಂದಿನ ಬೆಂಚಿನ ಮಗುವಿನ ಬಾಯಿಯಿಂದಲೂ ಒಂದು ವಾಕ್ಯ ಹೊರಡಿಸುವುದು ಸ್ನೇಹಶೀಲತೆಯಿಂದಷ್ಟೇ ಆಗುವ ಕೆಲಸವಲ್ಲ. ಓರಿಯೆಂಟೇಷನ್ ಮೊದಲ ಪಾತ್ರಕ್ಕೆ ಹೊಲಿದ ಅಂಗಿ; ಅದನ್ನೇ ಎರಡನೆಯ ಪಾತ್ರಕ್ಕೂ ತೊಡಿಸಲಾಗುತ್ತಿದೆ.

ಈ ನಡುವೆ ಶಿಕ್ಷಣ ಕ್ರಮ ಬದಲಾಗಿದೆ. 2011ರಿಂದ ಪ್ರಾಥಮಿಕ ಶಾಲೆಯ 5 ಮತ್ತು 6ನೇ ತರಗತಿಗಳಲ್ಲಿ ವಿದೇಶಿ ಭಾಷಾ ಚಟುವಟಿಕೆ ಕಡ್ಡಾಯವಾಯಿತು. 2020ರಿಂದ ಜಾರಿಗೆ ಬಂದ ಹೊಸ ಪಠ್ಯಕ್ರಮದಲ್ಲಿ ಅದು 3 ಮತ್ತು 4ನೇ ತರಗತಿಗೆ ಇಳಿಯಿತು. 5 ಮತ್ತು 6ನೇ ತರಗತಿಗಳಲ್ಲಿ ಇಂಗ್ಲಿಷ್ ಅಂಕ ನೀಡುವ ಪೂರ್ಣ ವಿಷಯವಾಯಿತು. ಪ್ರಾಥಮಿಕ ಶಾಲೆಯಲ್ಲಿ ಬಹುತೇಕ ಎಲ್ಲ ವಿಷಯಗಳನ್ನೂ ಕಲಿಸುವುದು ತರಗತಿಯ ಶಿಕ್ಷಕರೇ. ಅವರಲ್ಲಿ ಹೆಚ್ಚಿನವರು ಇಂಗ್ಲಿಷ್ ವಿಷಯದಲ್ಲಿ ವಿಶೇಷ ತರಬೇತಿ ಪಡೆದವರಲ್ಲ. ಪರಿಣಾಮವಾಗಿ ಹೆಸರಿಗೆ ಸಹಾಯಕರಾದ ವಿದೇಶಿಯರು ಅನೇಕ ಕಡೆ ಪಾಠದ ಮುಖ್ಯ ಭಾರ ಹೊರುವಂತಾಯಿತು. ಕಾನೂನಿನ ಪ್ರಕಾರ ಬೋಧನಾ ಪರವಾನಗಿ ಇರುವವರು ಜಪಾನಿ ಶಿಕ್ಷಕರು. ವಾಸ್ತವದಲ್ಲಿ ಸೀಮೆಸುಣ್ಣ ಹಿಡಿದು ನಿಲ್ಲುವವರು ಸಹಾಯಕರು. ಕೆಲಸ ಬದಲಾದಷ್ಟು ತರಬೇತಿ ಬದಲಾಗಲಿಲ್ಲ ಎಂಬುದೇ ಇಲ್ಲಿನ ತೊಡಕು.

ಪಣಕ್ಕಿಟ್ಟಿರುವುದು ಏನು?

ಇದು ಕೆಲವು ಸಾವಿರ ವಿದೇಶಿ ಯುವಕ-ಯುವತಿಯರ ಅನುಕೂಲದ ಪ್ರಶ್ನೆ ಮಾತ್ರವಲ್ಲ. ಜಪಾನ್ ತನ್ನ ಮಕ್ಕಳ ಇಂಗ್ಲಿಷ್ ಬಗ್ಗೆ ದೀರ್ಘಕಾಲದಿಂದ ಚಿಂತಿತವಾಗಿದೆ. ಮಾಧ್ಯಮಿಕ ಶಾಲೆಯ ಕೊನೆಯ ವರ್ಷದ ಮಕ್ಕಳಲ್ಲಿ ಅರ್ಧದಷ್ಟಾದರೂ ಮಂದಿ ಯುರೋಪಿನ ಭಾಷಾ ಮಾನದಂಡದ ಆರಂಭಿಕ ‘ಎ-1’ ಹಂತ ತಲುಪಬೇಕೆಂಬ ಗುರಿಯನ್ನು ಅಲ್ಲಿನ ಶಿಕ್ಷಣ ಸಚಿವಾಲಯ ಇಟ್ಟುಕೊಂಡಿತ್ತು. ವರ್ಷಗಳ ಕಾಲ ಕೈಗೆಟುಕದ ಆ ಗುರಿ ಈಡೇರಿದ್ದು 2023ನೇ ಸಾಲಿನಲ್ಲಿ. ‘ಇಎಫ್’ ಸಂಸ್ಥೆಯ 2024ರ ಇಂಗ್ಲಿಷ್ ಪ್ರಾವೀಣ್ಯ ಸೂಚ್ಯಂಕದಲ್ಲಿ 116 ದೇಶ-ಪ್ರದೇಶಗಳ ಪೈಕಿ ಜಪಾನ್‌ಗೆ ದೊರೆತದ್ದು 92ನೇ ಸ್ಥಾನ. ಸ್ವಇಚ್ಛೆಯಿಂದ ಪರೀಕ್ಷೆ ಬರೆದವರ ಆಧಾರದ ಮೇಲೆ ರೂಪಿಸುವ ಈ ಸೂಚ್ಯಂಕವನ್ನು ಅಂತಿಮ ತೀರ್ಪೆಂದು ಭಾವಿಸಬೇಕಾಗಿಲ್ಲ. ಆದರೂ ಶ್ರೀಮಂತ ದೇಶವೊಂದು ದಶಕಗಳ ಕಾಲ ಹಣ ಸುರಿದ ಕ್ಷೇತ್ರದಲ್ಲಿ ಇದು ಹೆಮ್ಮೆಯ ಚಿತ್ರವಂತೂ ಅಲ್ಲ. 2010ರಲ್ಲಿ ಅಂದಿನ ಡೆಮಾಕ್ರಟಿಕ್ ಪಕ್ಷದ ಸರ್ಕಾರ ನಡೆಸಿದ ಸಾರ್ವಜನಿಕ ವೆಚ್ಚ ಪರಿಶೀಲನೆಯಲ್ಲಿ ಜೆಟ್ ಯೋಜನೆಯ ಉಪಯುಕ್ತತೆಯನ್ನೇ ಪ್ರಶ್ನಿಸಲಾಗಿತ್ತು.

ಸುರಕ್ಷತೆಯ ವಿಚಾರವೂ ಇದೆ. 2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಯಲ್ಲಿ ಯೋಜನೆಯ ಇಬ್ಬರು ಅಮೆರಿಕನ್ ಸಹಾಯಕ ಶಿಕ್ಷಕರು ಪ್ರಾಣ ಕಳೆದುಕೊಂಡರು. ಒಬ್ಬರು ಇಶಿನೊಮಾಕಿಯಲ್ಲಿ, ಇನ್ನೊಬ್ಬರು ರಿಕುಜೆನ್‌ತಕಾತಾದಲ್ಲಿ. ಆ ದಿನದ ಅಲೆಗಳು ಊರನ್ನೇ ಬಲ್ಲ ಸಾವಿರಾರು ಸ್ಥಳೀಯರನ್ನೂ ಬಿಡಲಿಲ್ಲ. ಆದ್ದರಿಂದ ಆ ಸಾವುಗಳಿಗೆ ತರಬೇತಿಯ ಕೊರತೆಯೇ ಕಾರಣ ಎನ್ನುವುದು ನ್ಯಾಯವಲ್ಲ. ಆದರೆ ಧ್ವನಿವರ್ಧಕದಲ್ಲಿ ಬಿತ್ತರವಾಗುವ ಎಚ್ಚರಿಕೆ ಅರ್ಥವಾಗದ ಹೊಸಬರಿಗೆ ತನ್ನ ಶಾಲೆಯಿಂದ, ತನ್ನ ಮನೆಯಿಂದ ಎತ್ತರದ ಜಾಗಕ್ಕೆ ಹೋಗುವ ದಾರಿ ಯಾವುದೆಂಬುದನ್ನು ಬಂದ ಮೊದಲ ವಾರದಲ್ಲೇ ನಡೆದು ತೋರಿಸಬೇಕು ಎಂಬ ಪಾಠವನ್ನು ಆ ದುರಂತ ಕಲಿಸಿದೆ. ಟೋಕಿಯೊದ ಸಭಾಂಗಣದಲ್ಲಿ ತೋರಿಸುವ ಚಿತ್ರಗಳು ಆ ಕೆಲಸ ಮಾಡಲಾರವು.

ಇನ್ನು ಒಂಟಿತನ. ಭಾಷೆ ಬಾರದ ಊರಿನಲ್ಲಿ ವಾಸದ ನೋಂದಣಿ, ಬ್ಯಾಂಕ್ ಖಾತೆ, ಮನೆ ಬಾಡಿಗೆ, ಕಸ ವಿಂಗಡಣೆಯ ಕಟ್ಟುನಿಟ್ಟು ನಿಯಮ, ವೈದ್ಯರ ಭೇಟಿ ಎಲ್ಲವೂ ಮೊದಲ ತಿಂಗಳಲ್ಲೇ ಎದುರಾಗುತ್ತವೆ. ಪ್ರಾಂತ ಮಟ್ಟದ ಸಲಹೆಗಾರರು ಮತ್ತು ಕ್ಲೇರ್‌ನ ಆಪ್ತಸಮಾಲೋಚನೆ ಸೌಲಭ್ಯ ಇವೆ. ಅವು ಇರುವ ಸಂಗತಿಯನ್ನು ನಿದ್ದೆಗಣ್ಣಿನ ಮೊದಲ ದಿನ ಒಮ್ಮೆ ಹೇಳಿದರೆ, ಚಳಿಗಾಲದ ಕತ್ತಲ ಸಂಜೆಗಳಲ್ಲಿ ಅದು ನೆನಪಿಗೆ ಬಂದೀತೆ?

ಬೇರೆಡೆ ಹೇಗಿದೆ?

ಹೋಲಿಕೆಗೆ ನೆರೆಹೊರೆಯಲ್ಲೇ ಉದಾಹರಣೆಗಳಿವೆ. ದಕ್ಷಿಣ ಕೊರಿಯಾ 1995ರಲ್ಲಿ ಆರಂಭಿಸಿದ ‘ಎಪಿಕ್’ ಯೋಜನೆಯಲ್ಲಿ ಹೊಸ ಶಿಕ್ಷಕರನ್ನು ಸುಮಾರು ಒಂದು ವಾರದಿಂದ ಹತ್ತು ದಿನ ಒಂದೆಡೆ ಇರಿಸಿ ತರಬೇತಿ ನೀಡುವ ಪದ್ಧತಿ ಬೆಳೆದಿದೆ. ಉಪನ್ಯಾಸದ ಜತೆಗೆ ಗುಂಪುಗಳಾಗಿ ಪಾಠ ಯೋಜನೆ ಬರೆದು, ಎಲ್ಲರೆದುರು ಪಾಠ ಮಾಡಿ ತೋರಿಸುವುದು ಅದರ ಭಾಗ. ಅದೇ ದೇಶದಲ್ಲಿ ಅಮೆರಿಕದ ಫುಲ್‌ಬ್ರೈಟ್ ಸಂಸ್ಥೆ ಕಳುಹಿಸುವ ಸಹಾಯಕ ಶಿಕ್ಷಕರಿಗೆ ಸುಮಾರು ಆರು ವಾರಗಳ ಓರಿಯೆಂಟೇಷನ್ ಇದ್ದು, ಕೊರಿಯನ್ ಭಾಷೆಯ ತರಗತಿಗೆ ಅದರಲ್ಲಿ ಪ್ರಮುಖ ಸ್ಥಾನವಿದೆ.

ಹಾಂಗ್‌ಕಾಂಗ್ ಬೇರೆಯೇ ದಾರಿ ಹಿಡಿಯಿತು. 1998ರಲ್ಲಿ ಪ್ರೌಢಶಾಲೆಗಳಲ್ಲಿ, 2002ರಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ಆರಂಭವಾದ ಅಲ್ಲಿನ ‘ನೆಟ್’ ಯೋಜನೆ ಅರ್ಹತೆ ಮತ್ತು ಬೋಧನಾ ತರಬೇತಿ ಪಡೆದವರನ್ನೇ ಹುಡುಕುತ್ತದೆ. ಕಸುಬು ಕಲಿತು ಬಂದವರಿಗೆ ಊರಿನ, ಪಠ್ಯಕ್ರಮದ ಪರಿಚಯ ಮಾಡಿಸಿದರೆ ಕೆಲಸ ಸುಗಮ.

ಇನ್ನೊಂದು ತುದಿಯಲ್ಲಿ ಅಮೆರಿಕದ ‘ಪೀಸ್ ಕೋರ್’ ಇದೆ. 1961ರಲ್ಲಿ ಹುಟ್ಟಿದ ಈ ಸ್ವಯಂಸೇವಾ ಪಡೆಯ ಮೊದಲ ತಂಡ ಘಾನಾಕ್ಕೆ ಹೋದದ್ದು ಶಿಕ್ಷಕರಾಗಿಯೇ. 1961ರಿಂದ 1976ರವರೆಗೆ ಇದರ ಸ್ವಯಂಸೇವಕರು ಭಾರತದಲ್ಲಿಯೂ ನಾನಾ ಕ್ಷೇತ್ರಗಳಲ್ಲಿ ದುಡಿದಿದ್ದರು. ಆರಂಭದಲ್ಲಿ ತರಬೇತಿ ಅಮೆರಿಕದ ವಿಶ್ವವಿದ್ಯಾಲಯಗಳಲ್ಲೇ ನಡೆಯುತ್ತಿತ್ತು. ನಂತರ ಅದನ್ನು ಸ್ವಯಂಸೇವಕರು ಕೆಲಸ ಮಾಡುವ ದೇಶಕ್ಕೇ ಸ್ಥಳಾಂತರಿಸಲಾಯಿತು. ಸಾಮಾನ್ಯವಾಗಿ ಸುಮಾರು ಮೂರು ತಿಂಗಳು ಸ್ಥಳೀಯ ಕುಟುಂಬವೊಂದರ ಜತೆ ವಾಸ, ಭಾಷಾ ಕಲಿಕೆ, ಶಿಕ್ಷಕರಾಗುವವರಿಗೆ ಅಭ್ಯಾಸ ಪಾಠ. ಅದಾದ ಮೇಲೆ ಎರಡು ವರ್ಷದ ಸೇವೆ. ಬದುಕಬೇಕಾದ ಜಾಗದಲ್ಲೇ ತರಬೇತಿ ಪಡೆದರೆ ಅದು ಹೆಚ್ಚು ಕಾಲ ನಿಲ್ಲುತ್ತದೆ ಎಂಬ ತಿಳಿವಳಿಕೆ ಈ ಬದಲಾವಣೆಯ ಹಿಂದಿದೆ.

ಈ ಉದಾಹರಣೆಗಳಿಂದ ಹೊರಡುವ ಸಾರ ಸ್ಪಷ್ಟ. ತರಬೇತಿ ಪಡೆದವರನ್ನು ನೇಮಿಸಿಕೊಳ್ಳುವುದು ಒಂದು ಮಾರ್ಗ. ನೇಮಿಸಿಕೊಂಡವರಿಗೆ ತರಬೇತಿ ನೀಡುವುದು ಇನ್ನೊಂದು. ಜಪಾನ್ ಮೊದಲನೆಯದನ್ನು ಕಡ್ಡಾಯ ಮಾಡಲಿಲ್ಲ, ಎರಡನೆಯದನ್ನು ಪೂರ್ಣವಾಗಿ ಕೈಗೊಳ್ಳಲಿಲ್ಲ. ಈಚಿನ ವರ್ಷಗಳಲ್ಲಿ ಇಂಗ್ಲಿಷ್ ಬೋಧನೆಯ ಆನ್‌ಲೈನ್ ಕೋರ್ಸ್ ಮಾಡಲು ಕ್ಲೇರ್ ನೀಡುವ ಸಹಾಯಧನ, ಜಪಾನಿ ಭಾಷೆಯ ಆನ್‌ಲೈನ್ ಪಾಠಗಳು ಸರಿಯಾದ ಹೆಜ್ಜೆಗಳೇ. ಆದರೆ ಆಸಕ್ತಿ ಇದ್ದವರು ಮಾತ್ರ ಬಳಸಿಕೊಳ್ಳುವ ಸೌಲಭ್ಯ ಎಲ್ಲ ಮಕ್ಕಳಿಗೂ ಸಿಗಬೇಕಾದ ಗುಣಮಟ್ಟಕ್ಕೆ ಖಾತರಿ ಆಗಲಾರದು.

ಹಣ ಎಲ್ಲಿದೆ, ಸಮಯ ಎಲ್ಲಿದೆ?

ಆರು ವಾರ, ಮೂರು ತಿಂಗಳು ಎಂದೊಡನೆ ಆಡಳಿತಗಾರರು ಕೇಳುವ ಪ್ರಶ್ನೆ ಖರ್ಚಿನದು. ಪ್ರತಿ ವರ್ಷ ಬರುವ ಸಾವಿರಕ್ಕೂ ಹೆಚ್ಚು ಹೊಸಬರನ್ನು ಟೋಕಿಯೊದ ಹೋಟೆಲಿನಲ್ಲಿ ವಾರಗಟ್ಟಲೆ ಇರಿಸುವುದು ದುಬಾರಿ ಎಂಬ ವಾದ ಒಪ್ಪತಕ್ಕದ್ದೇ. ಆದರೆ ಟೋಕಿಯೊದಲ್ಲೇ ಇರಿಸಬೇಕೆಂದು ಯಾರು ಹೇಳಿದರು?

ಶಾಲಾ ಪಂಚಾಂಗವನ್ನು ಗಮನಿಸಿದರೆ ಉತ್ತರ ಅಲ್ಲೇ ಇದೆ. ಹೊಸಬರು ಬರುವ ಹೊತ್ತಿಗೆ ಜಪಾನಿನ ಶಾಲೆಗಳಿಗೆ ಬೇಸಿಗೆ ರಜೆ. ತರಗತಿಗಳು ಮತ್ತೆ ಆರಂಭವಾಗುವುದು ಆಗಸ್ಟ್ ಕೊನೆಗೆ ಅಥವಾ ಸೆಪ್ಟೆಂಬರ್‌ನಲ್ಲಿ. ಆದರೆ ಸಹಾಯಕ ಶಿಕ್ಷಕರ ಸಂಬಳ ಬಂದ ಕೂಡಲೇ ಶುರು. ಹೀಗಾಗಿ ಬಹುತೇಕರು ಆಗಸ್ಟ್ ಪೂರ್ತಿ ಶಿಕ್ಷಣ ಮಂಡಳಿಯ ಕಚೇರಿಯಲ್ಲಿ ಅಥವಾ ಖಾಲಿ ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ ಕುರ್ಚಿ ಬಿಸಿ ಮಾಡುತ್ತಾ ಕುಳಿತಿರುತ್ತಾರೆ. ಸಂಬಳ ಪಾವತಿಯಾಗುತ್ತಿದೆ, ಜನ ಸ್ಥಳದಲ್ಲಿದ್ದಾರೆ, ಕೆಲಸ ಮಾತ್ರ ಇಲ್ಲ. ತರಬೇತಿಗೆ ಬೇಕಾದ ಮೂರು-ನಾಲ್ಕು ವಾರ ಈಗಾಗಲೇ ಲೆಕ್ಕಪತ್ರದಲ್ಲಿ ಇದೆ. ಅದನ್ನು ಬಳಸಿಕೊಳ್ಳಲಾಗುತ್ತಿಲ್ಲ ಅಷ್ಟೇ.

ಇಬ್ಬರ ಕೆಲಸ, ಒಬ್ಬರಿಗೆ ಪಾಠ

ಆದರೆ ಆಗಸ್ಟ್ ತಿಂಗಳನ್ನು ಬರೀ ಉಪನ್ಯಾಸಗಳಿಂದ ತುಂಬಿದರೂ ಪ್ರಯೋಜನವಾಗದು. ಸಹಾಯಕ ಶಿಕ್ಷಕರ ಕೆಲಸ ಒಬ್ಬರ ಕೆಲಸವಲ್ಲ. ಜಪಾನಿ ಶಿಕ್ಷಕರು ಮತ್ತು ವಿದೇಶಿ ಸಹಾಯಕರು ಜತೆಯಾಗಿ ನಿಂತು ಪಾಠ ಮಾಡುವುದೇ ಯೋಜನೆಯ ತಿರುಳು. ಎತ್ತಿನ ಜೋಡಿಯಲ್ಲಿ ಒಂದನ್ನು ಮಾತ್ರ ಪಳಗಿಸಿ ನೊಗ ಕಟ್ಟಿದರೆ ಸಾಲು ನೇರವಾಗಿ ಬರುವುದಿಲ್ಲ. ಸಹಾಯಕರನ್ನು ಹೇಗೆ ಬಳಸಿಕೊಳ್ಳಬೇಕು, ಪಾಠಕ್ಕೆ ಮುನ್ನ ಹತ್ತು ನಿಮಿಷವಾದರೂ ಹೇಗೆ ಕೂಡಿ ಯೋಜಿಸಬೇಕು, ತರಗತಿಯ ಶಿಸ್ತು ಯಾರ ಹೊಣೆ, ತಪ್ಪನ್ನು ಯಾರು ಯಾವಾಗ ತಿದ್ದಬೇಕು ಎಂಬ ಪ್ರಶ್ನೆಗಳಿಗೆ ಇಬ್ಬರೂ ಸೇರಿ ಉತ್ತರ ಕಂಡುಕೊಳ್ಳಬೇಕು. ಆದರೆ ಓರಿಯೆಂಟೇಷನ್‌ನ ಕೇಂದ್ರದಲ್ಲಿ ಇರುವುದು ಹೊಸದಾಗಿ ಬಂದವರು ಮಾತ್ರ. ಕ್ಲಬ್ ಚಟುವಟಿಕೆ, ಪೋಷಕರ ಭೇಟಿ, ಕಾಗದಪತ್ರಗಳ ನಡುವೆ ಸಿಲುಕಿರುವ ಜಪಾನಿ ಶಿಕ್ಷಕರಿಗೆ ಬಿಡುವೇ ಕಡಿಮೆ. ಜತೆಯಾಗಿ ಯೋಜಿಸುವ ಸಮಯವನ್ನು ವೇಳಾಪಟ್ಟಿಯಲ್ಲೇ ಗೊತ್ತುಮಾಡದಿದ್ದರೆ ಅದು ಎಂದೂ ಕೈಗೆ ಸಿಗುವುದಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಹಾಯಕರ ಒಪ್ಪಂದ ವರ್ಷ ಬೇಸಿಗೆಯಿಂದ ಬೇಸಿಗೆಗೆ. ಜಪಾನಿನ ಶಾಲಾ ವರ್ಷ ಏಪ್ರಿಲ್‌ನಿಂದ ಮಾರ್ಚ್‌ಗೆ. ಸರ್ಕಾರಿ ಶಾಲೆಯ ಶಿಕ್ಷಕರ ವರ್ಗಾವಣೆಗಳು ನಡೆಯುವುದೂ ವಸಂತದಲ್ಲೇ. ಸೆಪ್ಟೆಂಬರ್‌ನಿಂದ ಏಳು ತಿಂಗಳು ಒಗ್ಗಿಕೊಂಡ ಜೋಡಿ ಏಪ್ರಿಲ್ ಬಂದೊಡನೆ ಮುರಿಯಬಹುದು. ಹೊಸ ಜತೆಗಾರರು, ಹೊಸ ಮುಖ್ಯೋಪಾಧ್ಯಾಯರು, ಕೆಲವೊಮ್ಮೆ ಹೊಸ ಮೇಲ್ವಿಚಾರಕರು. ಹೀಗಿರುವಾಗ ಆಗಸ್ಟ್‌ನ ಒಂದೇ ತರಬೇತಿ ಎಷ್ಟೇ ಚೆನ್ನಾಗಿದ್ದರೂ ಅರ್ಧ ವರ್ಷದ ಆಯುಷ್ಯ ಅದಕ್ಕೆ. ಏಪ್ರಿಲ್‌ನಲ್ಲಿ, ಚಿಕ್ಕದಾಗಿಯಾದರೂ, ಹೊಸ ಜೋಡಿಗಳಿಗೆ ಎರಡನೇ ಸುತ್ತು ನಡೆಯಲೇಬೇಕು.

ಯೋಜನೆಯ ಹೊರಗಿನವರು

ಜಪಾನಿನಲ್ಲಿ ಒಟ್ಟು ಸಹಾಯಕ ಭಾಷಾ ಶಿಕ್ಷಕರ ಸಂಖ್ಯೆ ಸುಮಾರು 20,000. ಅಂದರೆ ಜೆಟ್ ಯೋಜನೆಯವರು ಸರಿಸುಮಾರು ಕಾಲು ಭಾಗ ಮಾತ್ರ. ಉಳಿದವರಲ್ಲಿ ಕೆಲವರನ್ನು ಶಿಕ್ಷಣ ಮಂಡಳಿಗಳೇ ನೇರವಾಗಿ ನೇಮಿಸಿಕೊಂಡಿವೆ. ದೊಡ್ಡ ಸಂಖ್ಯೆಯವರು ಖಾಸಗಿ ಕಂಪನಿಗಳ ಮೂಲಕ ಬರುತ್ತಾರೆ. ಕಂಪನಿಗಳ ತರಬೇತಿ ಒಂದೊಂದು ಕಡೆ ಒಂದೊಂದು ರೀತಿ. ಅದಕ್ಕಿಂತ ವಿಚಿತ್ರವಾದದ್ದು ಕಾನೂನಿನ ತೊಡಕು. ಕೆಲಸವನ್ನು ಗುತ್ತಿಗೆಗೆ ವಹಿಸಿಕೊಟ್ಟ ಪದ್ಧತಿಯಲ್ಲಿ ಗುತ್ತಿಗೆ ಕಂಪನಿಯ ನೌಕರರಿಗೆ ಶಾಲೆಯ ಶಿಕ್ಷಕರು ನೇರವಾಗಿ ಸೂಚನೆ ನೀಡುವಂತಿಲ್ಲ. ನೀಡಿದರೆ ಅದು ಮರೆಮಾಚಿದ ಗುತ್ತಿಗೆ ಎನಿಸಿಕೊಳ್ಳುತ್ತದೆ. ಒಂದೇ ಕಪ್ಪುಹಲಗೆಯ ಮುಂದೆ ನಿಂತ ಇಬ್ಬರು ಪಾಠದ ಬಗ್ಗೆ ಪರಸ್ಪರ ಮಾತಾಡುವುದೇ ನಿಯಮ ಉಲ್ಲಂಘನೆ ಆಗಬಹುದಾದ ಪರಿಸ್ಥಿತಿಯಿದು. ಜೋಡಿ ತರಬೇತಿ ಅಲ್ಲಿ ಬೇರು ಬಿಡುವುದಾದರೂ ಹೇಗೆ? ತರಬೇತಿಯ ಸುಧಾರಣೆ ನೇಮಕಾತಿ ಪದ್ಧತಿಯ ಸುಧಾರಣೆಯಿಂದ ಬೇರೆಯಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಖಾಸಗಿ ವಲಯದ ಅಪಾಯವನ್ನು ಜಪಾನ್ ಒಮ್ಮೆ ದೊಡ್ಡ ಪ್ರಮಾಣದಲ್ಲಿ ಕಂಡಿದೆ. ದೇಶದ ಅತಿ ದೊಡ್ಡ ಇಂಗ್ಲಿಷ್ ಸಂಭಾಷಣಾ ಶಾಲೆಗಳ ಸರಣಿಯಾಗಿದ್ದ ‘ನೋವಾ’ 2007ರ ಅಕ್ಟೋಬರ್‌ನಲ್ಲಿ ಕುಸಿದುಬಿದ್ದಾಗ ಸಾವಿರಾರು ವಿದೇಶಿ ಶಿಕ್ಷಕರು ಸಂಬಳವಿಲ್ಲದೆ ಬೀದಿಗೆ ಬಿದ್ದರು. ವೀಸಾ ನಿಯಮ, ಕಾರ್ಮಿಕ ಹಕ್ಕು, ನಿರುದ್ಯೋಗ ವಿಮೆ ಇವು ಕೂಡ ಪರಿಚಯ ತರಬೇತಿಯ ಪಾಠಗಳಾಗಬೇಕೆಂದು ಅನೇಕರಿಗೆ ಅರಿವಾದದ್ದು ಆಗ.

ಆಗಬೇಕಾದ್ದೇನು?

ಸುಧಾರಣೆಯ ರೂಪುರೇಷೆ ಅಷ್ಟೇನೂ ಜಟಿಲವಲ್ಲ.

ಮೊದಲನೆಯದು, ಹೊರಡುವ ಮುನ್ನವೇ ದೊರೆಯಬೇಕಾದ ಮಾಹಿತಿ. ಯಾವ ಊರು, ಯಾವ ಶಾಲೆ, ಯಾವ ತರಗತಿ, ಯಾವ ಪಠ್ಯಪುಸ್ತಕ ಎಂಬ ವಿವರ ಹಾಗೂ ಹಿಂದಿನ ಸಹಾಯಕರು ಬರೆದಿಟ್ಟ ಹಸ್ತಾಂತರ ಟಿಪ್ಪಣಿ ವಿಮಾನ ಹತ್ತುವ ಮೊದಲೇ ಕೈಸೇರಬೇಕು. ಹಸ್ತಾಂತರ ಟಿಪ್ಪಣಿ ಬರೆಯುವುದು ಸೌಜನ್ಯದ ವಿಷಯವಾಗಿರದೆ ಒಪ್ಪಂದದ ಕೊನೆಯ ಕರ್ತವ್ಯವಾಗಬೇಕು. 3 ಮತ್ತು 4ನೇ ತರಗತಿಗೆ ಸಚಿವಾಲಯವೇ ಸಿದ್ಧಪಡಿಸಿದ ‘ಲೆಟ್ಸ್ ಟ್ರೈ’ ಪುಸ್ತಕದಂತಹ ಸಾಮಗ್ರಿಯನ್ನು ಮುಂಚಿತವಾಗಿ ತಿರುವಿಹಾಕಿ ಬಂದವರಿಗೂ ಬರಿಗೈಯಲ್ಲಿ ಬಂದವರಿಗೂ ಅಜಗಜಾಂತರ.

ಎರಡನೆಯದು, ಟೋಕಿಯೊದ ಎರಡು ದಿನಗಳನ್ನು ಹಗುರಗೊಳಿಸುವುದು. ಒಪ್ಪಂದದ ಹಕ್ಕು-ಬಾಧ್ಯತೆ, ಆರೋಗ್ಯ, ತುರ್ತು ಸಂಪರ್ಕ ಇಷ್ಟಕ್ಕೇ ಅದು ಸೀಮಿತವಾಗಲಿ. ಬೋಧನಾ ಕ್ರಮದ ಪಾಠಗಳು ಊರು ಸೇರಿದ ಮೇಲೆ ಬರಲಿ.

ಮೂರನೆಯದು, ಆಗಸ್ಟ್ ತಿಂಗಳ ಸದ್ಬಳಕೆ. ಪ್ರಾಂತ ಮಟ್ಟದಲ್ಲಿ ಪ್ರಾಥಮಿಕ, ಮಾಧ್ಯಮಿಕ, ಪ್ರೌಢ ಎಂದು ಪ್ರತ್ಯೇಕ ಗುಂಪುಗಳಲ್ಲಿ ಪಾಠ ಯೋಜನೆ, ಅಭ್ಯಾಸ ಪಾಠ, ತರಗತಿಗೆ ಬೇಕಾದಷ್ಟು ಜಪಾನಿ ಭಾಷೆ. ಇದನ್ನು ನಡೆಸಿಕೊಡುವವರು ಅದೇ ಹಂತದ ಶಾಲೆಯಲ್ಲಿ ಎರಡು-ಮೂರು ವರ್ಷ ದುಡಿದ ಸಹಾಯಕರು ಮತ್ತು ಅನುಭವಿ ಜಪಾನಿ ಶಿಕ್ಷಕರು ಆಗಿರಬೇಕು. ಶಾಲೆ ಆರಂಭವಾದ ಮೊದಲ ವಾರ ಪಾಠ ಮಾಡುವುದಕ್ಕಿಂತ ಪಾಠ ನೋಡುವುದಕ್ಕೆ ಮೀಸಲಾಗಲಿ.

ನಾಲ್ಕನೆಯದು, ಜೋಡಿ ತರಬೇತಿ. ಶಾಲೆ ತೆರೆದಾಗ ಒಮ್ಮೆ, ಏಪ್ರಿಲ್‌ನ ವರ್ಗಾವಣೆಗಳ ಬಳಿಕ ಮತ್ತೊಮ್ಮೆ. ಇದಕ್ಕಾಗಿ ಜಪಾನಿ ಶಿಕ್ಷಕರಿಗೆ ಅರ್ಧ ದಿನದ ಬಿಡುವನ್ನು ಮಂಡಳಿಯೇ ಅಧಿಕೃತವಾಗಿ ನೀಡಬೇಕು.

ಐದನೆಯದು, ಮನೆ ಮತ್ತು ಶಾಲೆಯಿಂದ ಸುರಕ್ಷಿತ ತಾಣಕ್ಕೆ ಮೇಲ್ವಿಚಾರಕರ ಜತೆ ಒಮ್ಮೆ ನಡೆದು ನೋಡುವುದು. ಇದಕ್ಕೆ ತಗಲುವ ಖರ್ಚು ಶೂನ್ಯ.

ಆರನೆಯದು, ಮರುಪರಿಶೀಲನೆ. ತರಬೇತಿ ಮುಗಿದ ದಿನ ತುಂಬಿಸಿಕೊಳ್ಳುವ ಅಭಿಪ್ರಾಯ ಪತ್ರದಲ್ಲಿ ಊಟ-ವಸತಿಯ ಬಗ್ಗೆ ತಿಳಿಯಬಹುದೇ ಹೊರತು ತರಬೇತಿಯ ಉಪಯೋಗದ ಬಗ್ಗೆ ಅಲ್ಲ. ಆರು ತಿಂಗಳ ಬಳಿಕ, ತರಗತಿಯ ಬಿಸಿ ತಟ್ಟಿದ ಮೇಲೆ, ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಎಂದು ಕೇಳಬೇಕು. ಜತೆಗಾರ ಜಪಾನಿ ಶಿಕ್ಷಕರನ್ನೂ ಅದೇ ಪ್ರಶ್ನೆ ಕೇಳಬೇಕು.

ಭಾರತೀಯರಿಗೂ ಸಂಬಂಧವಿದೆ

ದೂರದ ದೇಶಗಳ ಈ ಚರ್ಚೆ ಭಾರತೀಯರಿಗೆ ಸಂಬಂಧಿಸಿದ್ದಲ್ಲ ಎನ್ನುವಂತಿಲ್ಲ. ದಕ್ಷಿಣ ಕೊರಿಯಾದ ಎಪಿಕ್ ಯೋಜನೆ ಇಂಗ್ಲಿಷ್ ಮಾತೃಭಾಷೆಯೆಂದು ಆ ದೇಶ ಪರಿಗಣಿಸುವ ಏಳು ರಾಷ್ಟ್ರಗಳ ಪ್ರಜೆಗಳನ್ನೇ ಮುಖ್ಯವಾಗಿ ನೆಚ್ಚಿಕೊಂಡಿದ್ದರೂ, 2010ರ ಜನವರಿ 1ರಿಂದ ಜಾರಿಗೆ ಬಂದ ಭಾರತ-ಕೊರಿಯಾ ಸಮಗ್ರ ಆರ್ಥಿಕ ಸಹಭಾಗಿತ್ವ ಒಪ್ಪಂದ ಅರ್ಹ ಭಾರತೀಯರಿಗೂ ಅಲ್ಲಿನ ಶಾಲೆಗಳಲ್ಲಿ ಇಂಗ್ಲಿಷ್ ಸಹಾಯಕ ಶಿಕ್ಷಕರಾಗುವ ಬಾಗಿಲು ತೆರೆದಿದೆ. ಪದವಿಯ ಜತೆಗೆ ಶಿಕ್ಷಕ ಅರ್ಹತೆಯನ್ನೂ ಅದು ಬಯಸುತ್ತದೆ. ಕರ್ನಾಟಕದ ನಗರಗಳಲ್ಲಿ ಇಂಗ್ಲಿಷ್ ಪದವಿಯೊಂದಿಗೆ ಬಿ.ಇಡಿ. ಮುಗಿಸಿ ಹೊರದೇಶದತ್ತ ನೋಡುತ್ತಿರುವ ಯುವಜನರು ಸಂಬಳದ ಅಂಕಿಯ ಜತೆಗೆ ಇನ್ನೂ ಕೆಲವು ಪ್ರಶ್ನೆ ಕೇಳಿಕೊಳ್ಳುವುದು ಒಳಿತು. ನೇಮಿಸಿಕೊಳ್ಳುವವರು ಸರ್ಕಾರವೇ, ಕಂಪನಿಯೇ? ತರಬೇತಿ ಎಷ್ಟು ದಿನ, ಆ ದಿನಗಳಿಗೆ ಸಂಬಳ ಉಂಟೇ? ಮೊದಲ ತಿಂಗಳ ಮನೆ ಬಾಡಿಗೆ, ಮುಂಗಡ ಯಾರದು? ತೊಂದರೆಯಾದರೆ ದೂರು ಕೊಡಬೇಕಾದದ್ದು ಯಾರಿಗೆ? ಈ ಪ್ರಶ್ನೆಗಳಿಗೆ ಲಿಖಿತ ಉತ್ತರ ನೀಡುವ ಸಂಸ್ಥೆ ಉಳಿದ ವಿಷಯಗಳಲ್ಲೂ ನಂಬಿಕೆಗೆ ಅರ್ಹವಾಗಿರುವ ಸಾಧ್ಯತೆ ಹೆಚ್ಚು.

ಹೊಸ ಶಿಕ್ಷಕರನ್ನು ಸ್ವಾಗತಿಸುವ ಮಾತುಗಳಲ್ಲಿ ಜಪಾನ್ ಎಂದೂ ಕಡಿಮೆ ಮಾಡಿಲ್ಲ. ಆತಿಥ್ಯ ಆ ನೆಲದ ಗುಣ. ಆದರೆ ಅತಿಥಿಯನ್ನು ಸತ್ಕರಿಸುವುದು ಬೇರೆ, ಸಹೋದ್ಯೋಗಿಯನ್ನು ಸಜ್ಜುಗೊಳಿಸುವುದು ಬೇರೆ. ಪ್ರಾಥಮಿಕ ಶಾಲೆಯ ಮಕ್ಕಳಿಗೂ ಇಂಗ್ಲಿಷ್ ಅಂಕದ ವಿಷಯವಾಗಿರುವ ಈ ಹೊತ್ತಿನಲ್ಲಿ ತರಗತಿಗೆ ಬರುವವರು ಅತಿಥಿಗಳಾಗಿ ಉಳಿದರೆ ನಷ್ಟ ಆಗುವುದು ಆ ಮಕ್ಕಳಿಗೆ. ಖಾಲಿ ಕುಳಿತಿರುವ ಆಗಸ್ಟ್ ತಿಂಗಳನ್ನು ತುಂಬಿಸಲು ಹೊಸ ಕಾಯ್ದೆಯೂ ಬೇಕಿಲ್ಲ, ಹೊಸ ಬಜೆಟ್ಟೂ ಬೇಕಿಲ್ಲ. ಶಿಕ್ಷಣ ಮಂಡಳಿಗಳು ಮನಸ್ಸು ಮಾಡಿದರೆ ಬರುವ ಬೇಸಿಗೆಯಿಂದಲೇ ಆರಂಭಿಸಬಹುದು.